ಊರಿಗೆ ಹೋಗಿಬಂದ ದಿನಗಳ ಲೆಕ್ಕ

ಕೆನಡಾದಲ್ಲಿ ನೆಲೆಸಿದ ಕನ್ನಡಿಗರು ಪೌರತ್ವದ ಅರ್ಜಿ ತುಂಬಲು ಕುಳಿತಾಗ ತಲೆಬಿಸಿ ಮಾಡುವುದು ಒಂದೇ ಪ್ರಶ್ನೆ: ಕಳೆದ ಐದು ವರ್ಷಗಳಲ್ಲಿ ದೇಶದಿಂದ ಹೊರಗಿದ್ದದ್ದು ಯಾವ್ಯಾವ ದಿನ? ತಂಗಿಯ ಮದುವೆ, ಅಪ್ಪನ ಆಪರೇಷನ್, ಮಗುವಿನ ನಾಮಕರಣ ನೆನಪಿರುತ್ತವೆ. ತಾರೀಖು ಮರೆತಿರುತ್ತದೆ.

ನಿಯಮ ಸರಳ. ಅರ್ಜಿಗೆ ಸಹಿ ಹಾಕುವ ದಿನಕ್ಕೆ ಹಿಂದಿನ ಐದು ವರ್ಷಗಳಲ್ಲಿ ಕನಿಷ್ಠ 1,095 ದಿನ ಕೆನಡಾದಲ್ಲೇ ಇದ್ದಿರಬೇಕು. 2017ರ ಅಕ್ಟೋಬರ್‌ಗೆ ಮುಂಚೆ ಇದು ಆರು ವರ್ಷಗಳಲ್ಲಿ 1,460 ದಿನವಿತ್ತು. ವಿದ್ಯಾರ್ಥಿಯಾಗಿ ಅಥವಾ ವರ್ಕ್ ಪರ್ಮಿಟ್‌ನಲ್ಲಿ ಕಳೆದ ಒಂದೊಂದು ದಿನಕ್ಕೂ ಅರ್ಧ ದಿನ ಸಿಗುತ್ತದೆ. ಅದು 365ಕ್ಕೆ ನಿಲ್ಲುತ್ತದೆ. ಎರಡು ವರ್ಷ ಓದಿ ಪಿಆರ್ (ಕಾಯಂ ನಿವಾಸಿಯ ಸ್ಥಾನ) ಪಡೆದವರು ಇನ್ನೂ 730 ದಿನ ಅಲ್ಲಿರಬೇಕು.

ಹೊರಟ ದಿನ, ಮರಳಿದ ದಿನ ಎರಡೂ ಕೆನಡಾದಲ್ಲಿದ್ದ ದಿನಗಳೇ. ಜನವರಿ 10ಕ್ಕೆ ಹೊರಟು ಫೆಬ್ರುವರಿ 20ಕ್ಕೆ ಮರಳಿದವರ ಗೈರುಹಾಜರಿ 40 ದಿನ, 42 ಅಲ್ಲ. ಶುಕ್ರವಾರ ಅಮೆರಿಕದ ಗಡಿ ದಾಟಿ ಭಾನುವಾರ ಬಂದರೆ ಕಳೆಯಬೇಕಾದದ್ದು ಶನಿವಾರವನ್ನು ಮಾತ್ರ.

ಪಾಸ್‌ಪೋರ್ಟಿನ ಮುದ್ರೆಯನ್ನೇ ನಂಬಿ ಕೂರುವವರು ಎಡವುವುದು ಇಲ್ಲಿ. 10ರ ಸಂಜೆ ಟೊರೊಂಟೊ ಬಿಟ್ಟವರು ಬೆಂಗಳೂರಿನಲ್ಲಿ ಇಳಿಯುವಾಗ 12ರ ನಸುಕು ಆಗಿರಬಹುದು. ಮುದ್ರೆ 12 ಎನ್ನುತ್ತದೆ, ಅರ್ಜಿಗೆ ಬೇಕಾದದ್ದು 10. ವಿಮಾನದಲ್ಲಿ ದೇಶ ಬಿಟ್ಟವರ ವಿವರ 2020ರಿಂದ ಕೆನಡಾದ ಗಡಿ ಇಲಾಖೆಯ ಬಳಿಯೂ ಇರುತ್ತದೆ. ಎರಡು ಲೆಕ್ಕ ಹೊಂದದಿದ್ದರೆ ವಿವರಣೆ ಕೊಡಬೇಕಾದೀತು.

ಅದಕ್ಕೇ ಪ್ರತಿ ಪ್ರಯಾಣ ಮುಗಿದ ವಾರದಲ್ಲೇ ನಾಲ್ಕು ವಿಷಯ ಬರೆದಿಡಿ: ಹೊರಟ ತಾರೀಖು, ಮರಳಿದ ತಾರೀಖು, ಹೋದ ದೇಶ, ಕಾರಣ. ಟಿಕೆಟ್ ಮತ್ತು ಬೋರ್ಡಿಂಗ್ ಪಾಸಿನ ಫೋಟೊ ಜೊತೆಗಿರಲಿ. ಅವಧಿ ಮುಗಿದ ಪಾಸ್‌ಪೋರ್ಟನ್ನು ಎಸೆಯಬೇಡಿ. 1,095 ತುಂಬಿದ ದಿನವೇ ಅರ್ಜಿ ಹಾಕದೆ ಕೆಲವು ವಾರ ಹೆಚ್ಚುವರಿ ಇಟ್ಟುಕೊಳ್ಳಿ. ಎಣಿಕೆಯಲ್ಲಿ ಒಂದು ದಿನ ತಪ್ಪಿದರೂ ಅರ್ಜಿ ಉಳಿಯುತ್ತದೆ.

ಅಮೆರಿಕದ ಪೌರತ್ವ ಬಯಸುವವರು ಒಂದೇ ಸಲಕ್ಕೆ ಆರು ತಿಂಗಳು ಮೀರಿ ಆ ದೇಶದ ಹೊರಗಿದ್ದರೆ ನಿರಂತರ ವಾಸದ ಪ್ರಶ್ನೆಯೇ ಏಳುತ್ತದೆ. ಕೆನಡಾದ ಪೌರತ್ವಕ್ಕೆ ಆ ಕಟ್ಟಳೆಯಿಲ್ಲ, ಒಟ್ಟು ದಿನ ತುಂಬಿದರೆ ಸಾಕು. ಅಮ್ಮನಿಗೆ ಹುಷಾರಿಲ್ಲವೆಂದು ಊರಿಂದ ಫೋನ್ ಬಂದಾಗ ಎಷ್ಟೋ ಮಂದಿ ದಿನ ಕಡಿಮೆಯಾದೀತೆಂಬ ಭಯಕ್ಕೆ ಹೊರಡಲು ಹಿಂದೆಮುಂದೆ ನೋಡುತ್ತಾರೆ. ತಮ್ಮ ಲೆಕ್ಕ ಕೈಯಲ್ಲಿರುವವರಿಗೆ ಆ ಭಯ ಬೇಕಿಲ್ಲ. ಎರಡು ತಿಂಗಳು ಅಮ್ಮನ ಪಕ್ಕದಲ್ಲಿದ್ದರೆ ಅರ್ಜಿ ಸುಮಾರು ಎರಡು ತಿಂಗಳು ಮುಂದೆ ಹೋಗುತ್ತದೆ. ಪೌರತ್ವ ಅಷ್ಟು ದಿನ ಕಾಯಬಲ್ಲದು; ಹೋಗಿ ಬನ್ನಿ.