ಇಪ್ಪತ್ತು ನಿಮಿಷದ ಪ್ರೋಟೀನು

ಪ್ರೋಟಿಯಾಸೋಮ್ ಎಂದರೆ ಜೀವಕೋಶದ ಕಸದ ಬುಟ್ಟಿಯಂತೆ. ಹಳತಾದ, ಮುರುಕಾದ ಪ್ರೋಟೀನುಗಳನ್ನು ಪುಡಿ ಮಾಡಿ ಚೊಕ್ಕಟವಾಗಿಡುವುದಷ್ಟೇ ಅದರ ಕೆಲಸವಂತೆ. ಪಾಠದ ಟಿಪ್ಪಣಿಯಿಂದ ಆರೋಗ್ಯ ಪುರವಣಿಯವರೆಗೆ ಹರಿದಾಡುವ ಈ ಮಾತು ಅರ್ಧ ಸತ್ಯ. ಬೆಳೆಯುತ್ತಿರುವ ಭ್ರೂಣದ ಮೆದುಳಿನ ಮಟ್ಟಿಗೆ ಅರ್ಧವೂ ಅಲ್ಲ. ಅಲ್ಲಿ ಯಾವ ಊನವೂ ಇಲ್ಲದ, ಈಗಷ್ಟೇ ತಯಾರಾದ ಪ್ರೋಟೀನುಗಳೂ ಪುಡಿಯಾಗುತ್ತವೆ. ಆಗಲೇಬೇಕು.

ಹೆಸ್1 ಎಂಬುದನ್ನೇ ತೆಗೆದುಕೊಳ್ಳೋಣ. ಆಕರಕೋಶ ಆತುರಪಟ್ಟು ನರಕೋಶವಾಗದಂತೆ ತಡೆಯುವ ಪ್ರೋಟೀನು ಇದು. ಅರ್ಧಾಯು ಸುಮಾರು 20 ನಿಮಿಷ. ಡಿಕಾಕ್ಷನ್ ಇಳಿದು ಕಾಫಿ ಲೋಟಕ್ಕೆ ಬರುವಷ್ಟರಲ್ಲಿ ಅರ್ಧ ಪಾಲು ಮಾಯ. ಸಾಲದ್ದಕ್ಕೆ ಇದು ಕೂತ ಕೊಂಬೆಯನ್ನೇ ಕಡಿಯುವ ಜಾತಿ: ತನ್ನನ್ನು ತಯಾರಿಸುವ ಜೀನನ್ನೇ ಮುಚ್ಚಿಬಿಡುತ್ತದೆ. ಇದ್ದ ಪ್ರೋಟೀನು ನಾಶವಾದ ಮೇಲೆ ಜೀನು ಮತ್ತೆ ತೆರೆಯುತ್ತದೆ, ಹೆಸ್1 ಮತ್ತೆ ಏರುತ್ತದೆ. ಈ ಏರಿಳಿತ ಸುಮಾರು 2 ಗಂಟೆಗೊಮ್ಮೆ ನಡೆಯುವುದನ್ನು ಕ್ಯೋಟೋದ ರ್ಯೋಯಿಚಿರೊ ಕಾಗೆಯಾಮ ಅವರ ತಂಡ 2002ರಲ್ಲಿ ಪ್ರಯೋಗಾಲಯದ ಕೋಶಗಳಲ್ಲೂ, 2008ರಲ್ಲಿ ಇಲಿಯ ಮೆದುಳಿನ ಆಕರಕೋಶಗಳಲ್ಲೂ ಕಂಡಿತು. ಹೆಸ್1 ಇಳಿದಾಗಲೆಲ್ಲ ನರಕೋಶದ ದಾರಿ ತೋರುವ ನ್ಯೂರೋಜೆನಿನ್2 ತಲೆ ಎತ್ತುತ್ತದೆ; ಹೆಸ್1 ಬಂದು ಮತ್ತೆ ಅದುಮುತ್ತದೆ. ಒಮ್ಮೆ ಅದು ಬಾರದೇ ಉಳಿದರೆ ಕೋಶ ನರಕೋಶವಾಗುತ್ತದೆ.

ಇದರಲ್ಲಿ ಕಸ ಎಲ್ಲಿದೆ?

ನಾಶ ತುಸು ತಡವಾದರೆ ಏನಂತೆ ಎನ್ನುವವರಿಗೆ ಉತ್ತರ ಹೆಸ್7 ಬಳಿ ಇದೆ. ಅದೇ ಮನೆತನದ ಈ ಪ್ರೋಟೀನು ಭ್ರೂಣದಲ್ಲಿ ಬೆನ್ನುಮೂಳೆಯ ಕಟ್ಟುಗಳಿಗೆ ತಾಳ ಹಾಕುತ್ತದೆ. ಅರ್ಧಾಯು 22 ನಿಮಿಷ. ಅದನ್ನು 30ಕ್ಕೆ ಏರಿಸಿದ ಇಲಿಗಳಲ್ಲಿ ಕೆಲವೇ ಸುತ್ತಿನ ಬಳಿಕ ತಾಳ ತಪ್ಪಿ ಕಟ್ಟುಗಳು ಅಸ್ತವ್ಯಸ್ತವಾದವು. ಎಂಟೇ ನಿಮಿಷದ ದೀರ್ಘಾಯುಷ್ಯ!

ಮೆದುಳಲ್ಲೂ ಇದೇ ಕಥೆ. ಯಾವ ಪ್ರೋಟೀನಿಗೆ ‘ಇದನ್ನು ಪುಡಿ ಮಾಡಿ’ ಎಂಬ ಯುಬಿಕ್ವಿಟಿನ್ ಚೀಟಿ ಅಂಟಿಸಬೇಕೆಂದು ಆರಿಸುವ ಹ್ಯೂವ್1 ಎಂಬ ಕಿಣ್ವವನ್ನು ಭ್ರೂಣದ ಇಲಿಯ ಮೆದುಳಿನಿಂದ ತೆಗೆದಾಗ ಎನ್-ಮಿಕ್ ಪ್ರೋಟೀನು ರಾಶಿಯಾಯಿತು. ಕೋಶಗಳು ಒಡೆದು ಒಡೆದು ಹೆಚ್ಚುತ್ತಲೇ ಹೋದವು, ನರಕೋಶವಾಗಲು ಒಲ್ಲೆ ಎಂದವು.

ಬಸುರಿ ಡಬ್ಬಿಗಟ್ಟಲೆ ಪ್ರೋಟೀನ್ ಪುಡಿ ನುಂಗಿದರೆ ಮಗುವಿನ ಮೆದುಳಿಗೆ ನೇರ ಸೇರುತ್ತದೆ ಎಂಬ ನಂಬಿಕೆಗೆ ಒಂದೇ ವಾಕ್ಯ ಸಾಕು: ಹೊಟ್ಟೆಗೆ ಹೋದದ್ದು ಮೊದಲು ಅಮೈನೋ ಆಮ್ಲಗಳಾಗಿ ಒಡೆಯುತ್ತದೆ. ಕಟ್ಟುವುದೆಂದರೆ ಹಿಗ್ಗು, ಒಡೆಯುವುದೆಂದರೆ ಮುಖ ಸಿಂಡರಿಸುವುದು ಡಬ್ಬಿ ಮಾರುವವರಿಗಷ್ಟೇ ಅಂಟಿದ ರೋಗವಲ್ಲ. ದೇಹದ ಪ್ರೋಟೀನು ಸದಾ ಒಡೆದು ಕಟ್ಟಿಕೊಳ್ಳುತ್ತಿರುತ್ತದೆ ಎಂದು ರುಡಾಲ್ಫ್ ಶೋನ್‌ಹೈಮರ್ 1930ರ ದಶಕದಲ್ಲೇ ಭಾರ ಸಾರಜನಕ ಉಣಿಸಿ ತೋರಿಸಿದ್ದರು. ಚೀಟಿ ಅಂಟಿಸುವ ವ್ಯವಸ್ಥೆ ಕಂಡುಹಿಡಿದ ಚೀಖನೋವರ್, ಹೆರ್ಷ್ಕೊ, ರೋಸ್ ಅವರಿಗೆ ನೊಬೆಲ್ ಸಿಕ್ಕಿದ್ದು 2004ರಲ್ಲಿ. ಕಸದ ಬುಟ್ಟಿ ಮಾತ್ರ ಜಪ್ಪಯ್ಯ ಎಂದರೂ ಕದಲಿಲ್ಲ.

ಎಲ್ಲ ಜೀನಿನಲ್ಲೇ ಬರೆದಿದೆ ಎನ್ನುವವರನ್ನು ಕಾಡಬೇಕಾದ ಲೆಕ್ಕವೂ ಒಂದಿದೆ. ಸ್ನಾಯುಗಳಿಗೆ ಆಜ್ಞೆ ಕಳಿಸುವ ನರಕೋಶ ರೂಪುಗೊಳ್ಳಲು ಇಲಿಗೆ 3–4 ದಿನ ಬೇಕು, ಮನುಷ್ಯರಿಗೆ ಸುಮಾರು 2 ವಾರ. ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಹೋಲಿಸಿದಾಗ, ಮನುಷ್ಯರ ಕೋಶದಲ್ಲಿ ಪ್ರೋಟೀನುಗಳು ಸುಮಾರು ಎರಡು ಪಟ್ಟು ನಿಧಾನವಾಗಿ ನಾಶವಾಗುತ್ತಿದ್ದವು. ಒಲಿಗ್2 ಎಂಬ ಮಾನವ ಜೀನನ್ನು ಹೊತ್ತ ಇಲಿಯ ಕೋಶಗಳನ್ನೂ ಅವರು ಪರೀಕ್ಷಿಸಿದರು. ಆ ಜೀನು ನಡೆದದ್ದು ಇಲಿಯ ವೇಗದಲ್ಲೇ.