ಕಾರಿನಲ್ಲೇ ಕೆನಡಾಕ್ಕೆ

ಅಮೆರಿಕ–ಕೆನಡಾ ಗಡಿಯ ಉದ್ದ 8,891 ಕಿಲೋಮೀಟರ್. ಎರಡು ದೇಶಗಳ ನಡುವೆ ಇದಕ್ಕಿಂತ ಉದ್ದದ ಗಡಿ ಜಗತ್ತಿನಲ್ಲಿಲ್ಲ. ಬಫಲೋ ಕಡೆಯಿಂದ ಟೊರೊಂಟೊದ ಸ್ನೇಹಿತರ ಮನೆಗೆ ಹೊರಟವರು ನಯಾಗರಾ ನದಿಯನ್ನು 1927ರಲ್ಲಿ ತೆರೆದ ಪೀಸ್ ಬ್ರಿಜ್ ಮೇಲೆ ದಾಟಬಹುದು. ಮಕ್ಕಳಿಗೆ ಜಲಪಾತ ಕಾಣಬೇಕೆಂದರೆ ರೇನ್‌ಬೋ ಬ್ರಿಜ್ಜೇ ಸರಿ. ಅಲ್ಲಿ ಲಾರಿಗಳ ಕಾಟವೂ ಇಲ್ಲ.

ಸೇತುವೆಯ ಆಚೆ ತಪಾಸಣೆ. ಸಾಮಾನ್ಯವಾಗಿ ಕಾರಿನಿಂದ ಇಳಿಯಬೇಕಿಲ್ಲ. ಗಾಜು ಇಳಿಸಿ ಎಲ್ಲರ ಪಾಸ್‌ಪೋರ್ಟ್ ಕೊಟ್ಟರಾಯಿತು. ಎಲ್ಲಿಗೆ, ಯಾರ ಮನೆಗೆ, ಎಷ್ಟು ದಿನ ಎಂಬ ಪ್ರಶ್ನೆಗಳು ಬರುತ್ತವೆ. ಹಾಗಾಗಿ ಸ್ನೇಹಿತರ ವಿಳಾಸ ಕೈಗೆಟುಕುವಂತಿರಬೇಕು. ಅಮೆರಿಕದಲ್ಲಿ ಕೆಲಸದ ವೀಸಾದ ಮೇಲಿರುವ ಭಾರತೀಯರಿಗೆ ಕೆನಡಾದ ವೀಸಾ ಬೇರೆಯೇ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ವಿನಾಯಿತಿ. ತಂದೆ ಅಥವಾ ತಾಯಿ ಒಬ್ಬರೇ ಮಕ್ಕಳೊಂದಿಗೆ ಹೊರಟಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಜೊತೆಗಿರುವುದು ಕ್ಷೇಮ.

ಇನ್ನು ಡಿಕ್ಕಿಯ ಸರದಿ. ಸ್ನೇಹಿತರಿಗೆ ಒಯ್ಯುವ ಉಡುಗೊರೆ ಒಂದೊಂದೂ 60 ಕೆನಡಾ ಡಾಲರ್ ಒಳಗಿದ್ದರೆ ಸುಂಕವಿಲ್ಲ. ಮದ್ಯ, ತಂಬಾಕಿಗೆ ಈ ರಿಯಾಯಿತಿ ಅನ್ವಯಿಸುವುದಿಲ್ಲ. ಹಣ್ಣು, ಗಿಡ, ಮಾಂಸ ಇದ್ದರೆ ಮೊದಲೇ ಹೇಳಬೇಕು. ಮನೆಯ ಕರಿಬೇವಿನ ಸಸಿಯೂ ಗಿಡವೇ! ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಬೀಳಬಹುದು.

ಗಡಿ ದಾಟಿದೊಡನೆ ವೇಗದ ಫಲಕಗಳು ಕಿಲೋಮೀಟರಿಗೆ ತಿರುಗುತ್ತವೆ. ಅಲ್ಲಿನ 100 ಎಂದರೆ ಅಮೆರಿಕದ ಲೆಕ್ಕದಲ್ಲಿ 62 ಮೈಲಿ ಮಾತ್ರ. ಅಲ್ಲಿಂದ ಟೊರೊಂಟೊ ಸುಮಾರು ಎರಡು ಗಂಟೆಯ ದಾರಿ.