ಮಗು ಪ್ರಕ್ರಿಯೆ ಮುಗಿದುದನ್ನು ತಾಯಿ ಅರಿಯುವ ಬಗೆ

'ಉಂಡು ಹೊರಟನು' ಎಂದರೆ ಊಟ ಮುಗಿದ ಬಳಿಕವೇ ಹೊರಟನೆಂದು ಅರ್ಥ. 'ಉಣ್ಣುತ್ತ ಹೊರಟನು' ಎಂದರೆ ಎರಡು ಕ್ರಿಯೆಗಳೂ ಒಟ್ಟಿಗೆ ನಡೆದುವೆಂದು ಅರ್ಥ. ಕೃದಂತಾವ್ಯಯದ ಪ್ರತ್ಯಯವೊಂದು ತಪ್ಪಿದರೆ ವಾಕ್ಯವೇ ಕೆಡುವುದೆಂದು ಮಕ್ಕಳಿಗೆ ಬಹುಕಾಲ ಬೋಧಿಸಿದ ನನಗೆ, ಗಣಕಯಂತ್ರದಲ್ಲಿಯೂ ಇಂತಹುದೇ ಭೇದವಿರುವುದು ಈಚೆಗೆ ತಿಳಿಯಿತು.

ಅಳದಂಗಡಿಯಲ್ಲಿ ಅಕ್ಷರಜೋಡಣೆಯ ಕಾಯಕ ಮಾಡುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಈ ಸಂಚಿಕೆಯ ದಾನಿಗಳ ಪಟ್ಟಿಯ ಕರಡಚ್ಚನ್ನು ಕಳುಹಿಸಿದಾಗ ಕಡೆಯ ಹೆಸರುಗಳು ಅದರಲ್ಲಿ ಇರಲಿಲ್ಲ. ಆತನ ಕ್ರಮವಿಧಿಯು ಪುಟ ಸಿದ್ಧಪಡಿಸುವ ಕೆಲಸವನ್ನು ಇನ್ನೊಂದಕ್ಕೆ ಒಪ್ಪಿಸಿ, ಹತ್ತು ಸೆಕೆಂಡು ಕಾದು, ಮುಗಿದಿರಬಹುದೆಂದು ಊಹಿಸಿ ಮುಂದುವರಿದಿತ್ತು. ಪಟ್ಟಿ ಬೆಳೆದಿತ್ತು, ಹತ್ತು ಸೆಕೆಂಡು ಸಾಲಲಿಲ್ಲ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ರೂಪಿಸತೊಡಗಿದ ಯೂನಿಕ್ಸ್ ವ್ಯವಸ್ಥೆಯಲ್ಲಿಯೂ ಅದರ ಮಾದರಿಯ ಲಿನಕ್ಸಿನಲ್ಲಿಯೂ, ನಡೆಯುತ್ತಿರುವ ಕ್ರಮವಿಧಿಗೆ ಪ್ರಕ್ರಿಯೆಯೆಂದು ಹೆಸರು. ಒಂದು ಪ್ರಕ್ರಿಯೆಯು 'ಫೋರ್ಕ್' ಎಂಬ ಆಜ್ಞೆಯಿಂದ ತನ್ನದೇ ಪ್ರತಿರೂಪವಾದ ಮಗುವನ್ನು ಹುಟ್ಟಿಸಿ ಅದಕ್ಕೆ ಕೆಲಸ ಒಪ್ಪಿಸುತ್ತದೆ. ಮಗು ಮುಗಿಯುವಾಗ ಒಂದು ಅಂಕಿಯನ್ನು ಉಳಿಸಿ ಹೋಗುತ್ತದೆ. 0 ಎಂದರೆ ಸಫಲ, ಬೇರೆ ಅಂಕಿಯಾದರೆ ವಿಫಲ ಎಂಬುದು ರೂಢಿ. ತಾಯಿಯು 'ವೇಯ್ಟ್' ಎಂದು ಕೇಳಿದರೆ, ಮಗು ಮುಗಿಯುವವರೆಗೆ ವ್ಯವಸ್ಥೆಯು ತಾಯಿಯನ್ನು ತಡೆದು ನಿಲ್ಲಿಸಿ, ಬಳಿಕ ಆ ಅಂಕಿಯನ್ನು ಒಪ್ಪಿಸುತ್ತದೆ.

ತಾಯಿಗೆ ಬೇರೆ ಕೆಲಸವಿದ್ದರೆ ಏನು ಗತಿ? ಮಗು ಮುಗಿದೊಡನೆ 'ಸಿಗ್‌ಚೈಲ್ಡ್' ಎಂಬ ಸಂಕೇತ ಬರುತ್ತದೆ. ಆದರೆ ಮೂರು ಮಕ್ಕಳು ಒಮ್ಮೆಗೇ ಮುಗಿದರೆ ಗಂಟೆ ಒಂದೇ ಸಲ ಮೊಳಗಬಹುದು. ಆದುದರಿಂದ ಸಂಕೇತ ಬಂದಾಗ, ಮುಗಿದ ಮಕ್ಕಳು ಇನ್ನಿಲ್ಲವೆಂಬ ಉತ್ತರ ದೊರೆಯುವವರೆಗೆ, ತಾಯಿಯನ್ನು ತಡೆಯದ ಬಗೆಯ ವೇಯ್ಟನ್ನು ಮತ್ತೆ ಮತ್ತೆ ಕೇಳಬೇಕು.

ಕೇಳದೆಯೇ ಬಿಟ್ಟರೆ ಮುಗಿದ ಮಗುವಿನ ಸಂಖ್ಯೆಯೂ ಅಂಕಿಯೂ ವ್ಯವಸ್ಥೆಯ ದಫ್ತರದಲ್ಲಿ ಉಳಿದಿರುತ್ತವೆ. ಇದನ್ನು 'ಜೋಂಬಿ' ಎನ್ನುತ್ತಾರೆ, ನಾವು ಪ್ರೇತವೆನ್ನಬಹುದು. ಅದು ಕೆಲಸ ಮಾಡದು, ಸ್ಥಾನವನ್ನೂ ಬಿಡದು. ಇಂತಹವು ಮಿತಿಮೀರಿದರೆ ಹೊಸ ಪ್ರಕ್ರಿಯೆಗೆ ಸಂಖ್ಯೆಯೇ ಸಿಗದಾಗುತ್ತದೆ. ತಾಯಿಯೇ ಮೊದಲು ಮುಗಿದರೆ, ಸಾಮಾನ್ಯವಾಗಿ 1ನೆಯ ಸಂಖ್ಯೆಯ ಪ್ರಕ್ರಿಯೆಯು ಅನಾಥ ಮಗುವನ್ನು ದತ್ತು ಪಡೆದು ಅದರ ಲೆಕ್ಕ ತೀರಿಸುತ್ತದೆ.

ನಮ್ಮ ವಿದ್ಯಾರ್ಥಿಯು ಹತ್ತು ಸೆಕೆಂಡಿನ ಸಾಲನ್ನು ತೆಗೆದು ವೇಯ್ಟನ್ನು ಸೇರಿಸಿದನು. 0 ಬಂದರಷ್ಟೇ ಪುಟವು ಅಚ್ಚಿಗೆ ಹೋಗುವಂತೆ ಮಾಡಿದನು. ಮರುದಿನದ ಕರಡಿನಲ್ಲಿ ಕಡೆಯ ದಾನಿಯ ಹೆಸರೂ ಇತ್ತು. 'ಉಣ್ಣುತ್ತ' ಎಂದಿದ್ದುದು 'ಉಂಡು' ಎಂದಾಗಿತ್ತು.